ಗುರ್ತಿನವ್ರ ಬಟಾಟಿ

ನಮ್ಮ ಕಾಕಾ ಬದನೆಕಾಯಿಯ ಕುಲಗೋತ್ರ ಕೇಳದೆ ಎಣಗಾಯಿ ಮುಟ್ಟಿದವರಲ್ಲ. ನೀವು ನಂಬುವುದಿಲ್ಲ, ಗೊತ್ತು. ಆದರೆ ನಮ್ಮ ಮನೆತನಕ್ಕೆ ಸೊಸೆಯಂದಿರನ್ನು ತರುವಾಗಲೂ ಇಷ್ಟು ವಿಚಾರಣೆ ನಡೆದಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ! ತಾಟಿನಲ್ಲಿ ಸೌತೆಕಾಯಿಯ ಹೋಳು ಬಿತ್ತೋ ಇಲ್ಲವೋ, ಪ್ರಶ್ನೆ ಬಿದ್ದೇ ಬಿಡುತ್ತಿತ್ತು: “ಯಾವ ಊರದಿದು? ಯಾರ ಹೊಲದ್ದು?” ಉತ್ತರ ಬಂದರೆ ತಿನ್ನುವರು. ಬರದಿದ್ದರೆ ತಾಟನ್ನು ಮೆಲ್ಲಗೆ ಸರಿಸಿ, “ಗುರ್ತಿಲ್ದವ್ರದು ನನಗ ಬ್ಯಾಡವಾ, ಹೊಟ್ಟಿಗೆ ಹತ್ತಂಗಿಲ್ಲ” ಎನ್ನುವರು. ಮದುವೆ ಮನೆಗಳಲ್ಲಿ ಬಡಿಸುವವರು ಅವರ ಸಾಲು ಬಂದ ಕೂಡಲೇ ಬಕೀಟು ಹಿಡಿದು ಓಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇದಕ್ಕೆ ಅವರ ನೌಕರಿಯೇ ಕಾರಣವೆಂದು ನನ್ನ ಗುಮಾನಿ. ಕಾಕಾ ನಿವೃತ್ತರಾಗುವವರೆಗೂ ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಯ ಹಿಂದೆ ಕುಳಿತವರು. ಸವದತ್ತಿ ಬಸ್ಸು ಯಾವಾಗ, ದಾಂಡೇಲಿ ಬಸ್ಸು ಎಲ್ಲಿ ನಿಲ್ಲುತ್ತದೆ, ಹಳಿಯಾಳದ್ದು ಹೋಯಿತೋ ಇದೆಯೋ, ಹೀಗೆ ಊರುಗಳ ಹೆಸರು ಹಿಡಿದು ಜಗತ್ತೆಲ್ಲ ಅವರನ್ನು ಕಾಡಿತು. ನಿವೃತ್ತಿಯ ಮರುದಿನದಿಂದ ಅವರು ಜಗತ್ತನ್ನು ಕಾಡತೊಡಗಿದರು. ನ್ಯಾಯವೇ ಅಲ್ಲವೆ?

ಇಂಥವರ ಜೊತೆ ಸಂಸಾರ ಮಾಡಿದ ನಮ್ಮ ಕಾಕು ಎಂಥವರಿರಬೇಕು ನೀವೇ ಯೋಚಿಸಿ. ಅವರ ಬಾಯಲ್ಲಿ ಉತ್ತರ ಸದಾ ಸಿದ್ಧ. “ಈ ಮೆಂತೆ ಪಲ್ಲೆ?” “ನರೇಂದ್ರದ್ದು ರೀ.” “ಗಜ್ಜರಿ?” “ಮುಗದದ ಗೌಡ್ರ ಹೊಲದ್ದು.” ಕಾಕಾ ಸಂತುಷ್ಟರಾಗಿ ಉಣ್ಣುವರು. ಒಮ್ಮೆ ಅಡುಗೆಮನೆಯಲ್ಲಿ ನಾನು ಪಿಸುಗುಟ್ಟಿದೆ: “ಖರೇ ಏನ್ ಕಾಕು, ಮುಗದದ್ದ?” ಕಾಕು ಒಗ್ಗರಣೆಯಿಂದ ಮುಖ ಎತ್ತದೆ ಹೇಳಿದರು: “ಯಾರಿಗೊತ್ತವಾ! ಸಂತ್ಯಾಗ ತಗೊಂಡಿದ್ದು. ಇವ್ರ ಹೊಟ್ಟಿಗೆ ಹೋಗಾಕ ಒಂದ್ ಊರ್ ಬೇಕು, ಹೇಳ್ತೀನಿ. ನಾಳೆ ಯಮ ಬಂದ್ರೂ ‘ನೀವ್ ಯಾವ ಊರವ್ರು’ ಅಂತ ಕೇಳಿ, ಆಮ್ಯಾಲೆ ಎದ್ದು ಹೋಗೋ ಪೈಕಿ ಇವ್ರು.”

ಯಮ ಬಂದ. ಆದರೆ ಕಾಕಾ ಇದ್ದಲ್ಲಿಗೆ ಅಲ್ಲ, ಕಾಕು ಇದ್ದಲ್ಲಿಗೆ. ಮತ್ತು ಅವನು ಅವಸರವಿಲ್ಲದೆ, ಕುಳಿತು, ಚಹಾ ಕುಡಿದು ಹೋಗುವವನಂತೆ ಬಂದ. ಕಾಕುವಿನ ಹೊಟ್ಟೆಯಲ್ಲಿ ಗಂಟು ಸಿಕ್ಕಿತು. ಗಂಟಿಗೆ ಹುಬ್ಬಳ್ಳಿಯ ದವಾಖಾನೆಯಲ್ಲಿ ಔಷಧ ಏರಿಸತೊಡಗಿದರು. ಕಾಕಾನ ಮನೆ ಧಾರವಾಡದ ಕೆಲಗೇರಿಯಲ್ಲಿ. ನಾನು ಧಾರವಾಡದ ಕಾಲೇಜೊಂದರಲ್ಲಿ ಪಾಠ ಹೇಳುವವಳು, ಕಾರು ಇದ್ದದ್ದು ನನ್ನ ಹತ್ತಿರ, ಹೀಗಾಗಿ ಸಾರಥ್ಯ ನನ್ನದು. ಔಷಧ ಗಂಟಿಗೆ ಏನು ಮಾಡಿತೋ ತಿಳಿಯದು, ಕಾಕುವಿನ ಬಾಯಿಯನ್ನಂತೂ ಕೆಡಿಸಿತು. ಒಗ್ಗರಣೆಯ ವಾಸನೆ ಬಂದರೆ ವಾಂತಿ. ಅನ್ನ ಮಣ್ಣು, ರೊಟ್ಟಿ ರಟ್ಟು. ಜನ್ಮವಿಡೀ ಒಲೆಯ ಮುಂದೆ ನಿಂತವರಿಗೆ ಒಲೆಯೇ ವೈರಿಯಾಯಿತು. ಕಾಕಾ ತಾವೇ ರೊಟ್ಟಿ ಬಡಿಯಲು ಕಲಿತರು. ಅವು ಯಾವ ದೇಶದ ನಕಾಶೆಯೆಂದು ಹೇಳುವುದು ಕಷ್ಟವಿತ್ತು, ಆದರೂ ಡಬ್ಬಿಯಲ್ಲಿ ಕಟ್ಟಿಕೊಂಡು ದವಾಖಾನೆಗೆ ಬರುತ್ತಿದ್ದರು. ಡಬ್ಬಿ ಹೋದ ಹಾಗೇ ವಾಪಸು ಬರುತ್ತಿತ್ತು.

ಒಂದು ಮಧ್ಯಾಹ್ನ ದವಾಖಾನೆಯಿಂದ ಹೊರಟಾಗ ನನಗೇ ಹಸಿವು ತಡೆಯಲಿಲ್ಲ. ಕೇಶ್ವಾಪುರದಲ್ಲಿ, ಹುಡುಗ ಹುಡುಗಿಯರು ತುಂಬಿ ತುಳುಕುವ ಒಂದು ಫಾಸ್ಟ್ ಫುಡ್ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. ಎ.ಸಿ. ಇದೆ, ಕಾಕು ತಂಪಾಗಿ ಕುಳಿತಿರಲಿ ಎಂದು ಕಾಕಾ ಕಾಕು ಇಬ್ಬರನ್ನೂ ಒಳಗೆ ಕರೆದುಕೊಂಡು ಹೋದೆ. ನನಗೊಂದು ಪೊಟ್ಟಣ ಫ್ರೆಂಚ್ ಫ್ರೈಸ್ ತಂದು ಮೇಜಿನ ಮೇಲಿಟ್ಟು ಕೈ ತೊಳೆದು ಬರುವಷ್ಟರಲ್ಲಿ ಏನು ನೋಡುವುದು! ಶಾಲು ಹೊದ್ದ ನಮ್ಮ ಕಾಕು ಒಂದು ಕಡ್ಡಿಯನ್ನು ಬೆರಳಲ್ಲಿ ಹಿಡಿದು, ಹಲ್ಲಿನ ತುದಿಯಿಂದ ಕಡಿದು, ಅಗಿದು, ನುಂಗಿದರು. ನಾನೂ ಕಾಕಾನೂ ವಾಂತಿಯ ಚೀಲ ಹಿಡಿದು ಕಾದೆವು. ವಾಂತಿ ಬರಲಿಲ್ಲ. ಇನ್ನೊಂದು ತೆಗೆದುಕೊಂಡರು. “ಉಪ್ಪುಪ್ಪು ಅದಾವ ನೋಡವಾ, ಬಾಯಿಗೆ ಹಿತ ಅನಸ್ತಾವ” ಅಂದರು.

ನಾನು ಸಂತೋಷದಿಂದ ಕಾಕಾನ ಕಡೆ ನೋಡಿದೆ. ಕಾಕಾ ಅಲ್ಲಿರಲಿಲ್ಲ. ಕೌಂಟರಿನಲ್ಲಿದ್ದರು.

“ಯವ್ವಾ, ಇವು ಯಾವ ಊರ ಬಟಾಟಿ?” ಟೋಪಿ ಹಾಕಿಕೊಂಡು ನಿಂತ ಮ್ಯಾನೇಜರ್ ಹೆಣ್ಣುಮಗಳಿಗೆ ಕೇಳುತ್ತಿದ್ದರು.

“ಸರ್, ಇವು ಫ್ರೆಂಚ್ ಫ್ರೈಸ್ ರೀ.”

“ಫ್ರಾನ್ಸ್‌ದಿಂದ ಬಂದಾವೇನು?”

“ಇಲ್ರಿ, ಫ್ರೀಜರ್‌ನ್ಯಾಗಿಂದ.”

“ಫ್ರೀಜರಿಗೆ ಎಲ್ಲಿಂದ ಬಂದ್ವು?”

“ಗಾಡ್ಯಾಗಿಂದ್ರಿ.”

“ಗಾಡ್ಯಾಗ ಯಾರ್ ಹೇರಿದ್ರು?”

ಹಿಂದೆ ಸಾಲು ಬಾಗಿಲಿನ ತನಕ ಬೆಳೆದಿತ್ತು. ಆ ಹೆಣ್ಣುಮಗಳು ಕಾಕಾನನ್ನು ಒಂದು ಕ್ಷಣ ನೋಡಿ, ಬಹಳ ಮರ್ಯಾದೆಯಿಂದ ಕೇಳಿದಳು: “ಸರ್, ಉಪ್ಪು ಹೆಚ್ಚಿಗಿ ಬೇಕೇನ್ರಿ?”

ವಾಪಸು ಬರುವಾಗ ಕಾಕು ಹಿಂದಿನ ಸೀಟಿನಲ್ಲಿ ನಿದ್ದೆ ಹೋದರು. ಕಾಕಾ ನನ್ನ ಪಕ್ಕದಲ್ಲಿ ರೊಟ್ಟಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ನವಲೂರು ದಾಟುವವರೆಗೆ ಅದರ ಮುಚ್ಚಳ ತೆಗೆಯುವರು, ಹಾಕುವರು. ಆಮೇಲೆ ಹೇಳಿದರು: “ಹೆಸರಿಲ್ಲ, ಊರಿಲ್ಲ. ಅದು ಆಕಿ ಹೊಟ್ಯಾಗ ಹೋತು. ನಂದು ಹೋಗಲಿಲ್ಲ.” ಆಗ ನನಗೆ ತಿಳಿಯಿತು. ನಮ್ಮ ಕಾಕಾ ಹೊಟ್ಟೆಕಿಚ್ಚುಪಡುತ್ತಿದ್ದರು. ಯಾರ ಮೇಲೆ? ಒಂದು ಬಟಾಟೆಯ ಮೇಲೆ! ಆ ವಯಸ್ಸಿನಲ್ಲಿ! ನಗಬೇಕೆಂದುಕೊಂಡೆ, ನಗು ಬರಲಿಲ್ಲ.

ಡಾಕ್ಟರು “ಏನ್ ಹೋಗ್ತದೋ ಅದನ್ನ ಕೊಡ್ರಿ” ಎಂದುಬಿಟ್ಟರು. ಅಲ್ಲಿಗೆ ಕೇಶ್ವಾಪುರದ ಯಾತ್ರೆ ಆರಂಭ. ಶ್ರಾವಣ ಸೋಮವಾರ ಬಂದಾಗ ಕಾಕುವಿಗೆ ಸಂಕೋಚ: ಉಪವಾಸದ ದಿನ ಅಂಗಡಿಯ ತಿನಿಸೇ? ಕಾಕಾ ಒಂದೇ ಮಾತಿನಲ್ಲಿ ಧರ್ಮಸಂಕಟ ಬಗೆಹರಿಸಿದರು: “ಬೋರ್ಡ್ ಓದಿಲ್ಲೇನು? ಫಾಸ್ಟ್ ಅಂದ್ರ ಉಪಾಸ, ಫುಡ್ ಅಂದ್ರ ಊಟ. ಉಪಾಸದ ಫಳಾರಂತ ಅವ್ರ ಬರದ್ ಹಚ್ಯಾರ, ತಿನ್ನು!”

ಕಷ್ಟವೆಂದರೆ ಅವು ಕೆಲಗೇರಿ ತಲುಪುವ ಹೊತ್ತಿಗೆ ಸೊರಗಿ ಜೋತುಬೀಳುತ್ತಿದ್ದವು. ಕಾಕಾ ಮೊದಲು ಪೊಟ್ಟಣವನ್ನು ಕೌದಿಯಲ್ಲಿ ಸುತ್ತಿ ತಂದರು. ಇನ್ನೂ ಮೆತ್ತಗಾದವು. ಶಿಲ್ಪಾ, ಅಂದರೆ ಆ ಟೋಪಿಯ ಮ್ಯಾನೇಜರ್, ದಾರಿ ತೋರಿಸಿದಳು: “ಬಾಯಿ ತಗದ ಇಡ್ರಿ ಕಾಕಾರ, ಮುಚ್ಚಿದ್ರ ಬೆವತು ಮೆತ್ತಗಾಗ್ತಾವ.” ಅವಳಾಗಲೇ ‘ಸರ್’ ಬಿಟ್ಟು ‘ಕಾಕಾರ’ಗೆ ಬಂದಿದ್ದಳು. ಏಕೆಂದರೆ ಅವಳ ತಾಯಿಯ ತವರು ಅಣ್ಣಿಗೇರಿಯೆಂದೂ, ಅಲ್ಲಿನ ಯಾರದೋ ನಾದಿನಿ ನಮಗೆ ಬೀಗರ ಪೈಕಿ ಎಂದೂ ಕಾಕಾ ಅಷ್ಟರಲ್ಲಿ ಪತ್ತೆ ಹಚ್ಚಿದ್ದರು. “ಅಂದ್ರ ನೀ ನಮ್ಮಾಕಿನ ಆದಿ ಬಿಡು!” ಅಂದಿನಿಂದ ನನ್ನ ಕಾರಿನಲ್ಲಿ ಕಾಕಾ ಬಾಯಿ ತೆರೆದ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು, ಮಗುವನ್ನು ಹೊತ್ತವರಂತೆ ಬರುತ್ತಿದ್ದರು. ರಸ್ತೆಯ ಉಬ್ಬಿನ ಮೇಲೆ ಕಾರು ಜಿಗಿದರೆ ನನಗೆ ಬೈಗುಳ.

ಆದರೆ ಹೊಟ್ಟೆಕಿಚ್ಚು ಆರಲಿಲ್ಲ. “ಇದೇನ್ ಮಹಾ ವಿದ್ಯಾ? ಬಟಾಟಿ ಹೆಚ್ಚಬೇಕು, ಕರಿಬೇಕು. ನಾನ ಮಾಡ್ತೀನಿ, ನಮ್ಮ ಹಿತ್ತಲದಾಗ ಬೆಳದು ಮಾಡ್ತೀನಿ!” ಮಳೆಗಾಲದ ಆರಂಭಕ್ಕೇ ಹಿತ್ತಲನ್ನು ಅಗೆದು ಬಟಾಟೆ ಹೂಳಿದ್ದರು. ಉದ್ದನೆಯ ಕಡ್ಡಿಗೆ ಉದ್ದನೆಯ ಜಾತಿಯ ಬಟಾಟೆಯೇ ಬೇಕು, ಸಂತೆಯ ದುಂಡನೆಯದು ನಡೆಯದು ಎಂದು ಶಿಲ್ಪಾ ಹೇಳಿದ್ದಳು. ಆ ಬೀಜ ಸಿಗಲಿಲ್ಲ. ಕಾಕಾ ಎದೆಗುಂದಲಿಲ್ಲ. ಸಾಲಿನ ಮಣ್ಣನ್ನು ಮೊಣಕೈ ಆಳಕ್ಕೆ ಸಡಿಲು ಮಾಡಿದರು. ಏಕೆಂದು ಕೇಳಿದೆ. “ಕಾಲ್ ಚಾಚಾಕ ಜಾಗಾ ಕೊಟ್ರ ತಾವ ಉದ್ದ ಆಗ್ತಾವ.” ಕೀಳುವ ದಿನ ನಾನೂ ಹಾಜರಿದ್ದೆ. ಅಷ್ಟು ದುಂಡಗಿನ ಬಟಾಟೆಗಳನ್ನು ನಾನು ಜನ್ಮದಲ್ಲಿ ಕಂಡಿಲ್ಲ!

ಕಿತ್ತವನ್ನು ಕೆಡದಂತೆ ಫ್ರಿಜ್ಜಿನಲ್ಲಿ ತುಂಬಿದರು. ವಾರ ಕಳೆದು ತೆಗೆದು, ಹೆಚ್ಚಿ, ಕರಿದರು. ಕಡ್ಡಿಗಳು ನಮ್ಮ ತೋರುಬೆರಳಿನ ಅರ್ಧದಷ್ಟಿದ್ದವು. ಬಣ್ಣ ಕಂದು, ಒಳಗೆ ಮೆತ್ತಗೆ, ರುಚಿ ಸಿಹಿಸಿಹಿ. ತಾಟಿನಲ್ಲಿಟ್ಟು ಕಾಕುವಿನ ಮುಂದೆ ಹಿಡಿದರು. ಕಾಕು ಒಂದನ್ನು ತೆಗೆದುಕೊಂಡರು, ತುದಿ ಕಡಿದರು, ಬಹಳ ಹೊತ್ತು ಅಗಿದರು. “ಛಲೋ ಆಗ್ಯಾವ್ರೀ” ಅಂದರು. ಉಳಿದದ್ದನ್ನು ತಾಟಿನ ಅಂಚಿಗಿಟ್ಟರು.

ನಮ್ಮ ಕಡೆಯ ‘ಛಲೋ’ ಇದೆಯಲ್ಲ, ಅದು ಬಹಳ ಸಭ್ಯವಾದ ಶಬ್ದ. ಹೊಗಳುವುದಕ್ಕೂ ಅದೇ, ಇನ್ನು ಸಾಕು ಎನ್ನುವುದಕ್ಕೂ ಅದೇ. ಕಾಕಾನಿಗೆ ಯಾವುದೆಂದು ತಿಳಿಯದೆ ಇರುತ್ತದೆಯೆ? ತಾಟು ಎತ್ತಿಕೊಂಡು ಹಿತ್ತಲಿಗೆ ಹೋದರು. ಮಳೆ ಜಿನುಗುತ್ತಿತ್ತು, ಆದರೂ ಬಹಳ ಹೊತ್ತು ಒಳಗೆ ಬರಲಿಲ್ಲ.

ಕೇಶ್ವಾಪುರದ ಬಟಾಟೆ ಎಲ್ಲಿಯದು ಎಂಬ ಶೋಧಕ್ಕೆ ಅವರು ಹೊಸ ಆವೇಶದಿಂದ ಬಿದ್ದದ್ದು ಆಗ. ಶಿಲ್ಪಾ ಗಾಡಿಯ ಚಾಲಕ ಮೌಲಾಸಾಬರ ನಂಬರು ಕೊಟ್ಟಳು. ಮಂಜಿನಂಥ ಥಂಡಿಯ ಪೆಟ್ಟಿಗೆಯನ್ನು ಬೆನ್ನಿಗೆ ಹೊತ್ತ ಗಾಡಿ ಅವರದು. ದಾರಿಯಲ್ಲಿ ಆ ಥಂಡಿ ಒಂದಿಷ್ಟು ಇಳಿದರೂ ಮಾಲೆಲ್ಲ ಹಾಳು ಎನ್ನುತ್ತಿದ್ದರು. ಮೌಲಾಸಾಬರ ಮೂಲಕ ಗುಜರಾತಿನ ಯಾವುದೋ ಕಾರ್ಖಾನೆಯ ಮೇಲ್ವಿಚಾರಕರು ಫೋನಿಗೆ ಸಿಕ್ಕರು. ಕಾಕಾನ ಹಿಂದಿಯೆಂದರೆ ಬಸ್ ಸ್ಟ್ಯಾಂಡಿನ ಹಿಂದಿ. “ಆಪ್ಕಾ ಬಟಾಟಾ ಕೌನ್ ಗಾಂವ್ ಕಾ? ಉಸ್ಕಾ ಬಾಪ್ ಕೌನ್?” ಆ ಮನುಷ್ಯ ಫೋನು ಇಡಲಿಲ್ಲ, ಅದೇ ದೊಡ್ಡದು. ತಾಳ್ಮೆಯಿಂದ ಎಲ್ಲ ವಿವರಿಸಿದರು. ಫ್ರಿಜ್ಜಿನ ವಿಷಯ ಬಂದಾಗ ನಕ್ಕರು: ಹಸಿ ಬಟಾಟೆಯನ್ನು ಅತಿ ಥಂಡಿಯಲ್ಲಿಟ್ಟರೆ ಅದರ ಹಿಟ್ಟು ಸಕ್ಕರೆಯಾಗುತ್ತದೆ, ಕರಿದರೆ ಕಪ್ಪಾಗುತ್ತದೆ. “ಮನಶ್ಯಾನ್ನ ಥಂಡ್ಯಾಗಿಟ್ರ ಕಹಿ ಆಗ್ತಾನ, ಬಟಾಟಿ ಸಿಹಿ ಆಗ್ತೈತಂತ ನೋಡವಾ! ಎಂಥಾ ಒಳ್ಳೇ ಜೀವ ಅದು!” ಕಾಕಾನ ದನಿಯಲ್ಲಿ ಮೊದಲ ಬಾರಿಗೆ ಬಟಾಟೆಯ ಬಗ್ಗೆ ಗೌರವ ಕೇಳಿಸಿತು.

ಆದರೆ ಊರು? ಮೇಲ್ವಿಚಾರಕರು ನಿಟ್ಟುಸಿರಿಟ್ಟರು. ಎಷ್ಟೋ ಹೊಲಗಳ ಬಟಾಟೆ ಬಂದು ಒಂದೇ ನೀರಿನಲ್ಲಿ ತೇಲಿ ಹೋಗುತ್ತದೆ, ಯಾವುದು ಯಾರದೆಂದು ಹೇಳುವವರು ಯಾರು? ಫೋನಿನ ಸ್ಪೀಕರ್ ಹಾಕಿತ್ತು, ನಾನು ಪಕ್ಕದಲ್ಲಿದ್ದೆ. ಕಾಕಾ ಫೋನನ್ನು ಬಾಯಿಯ ಹತ್ತಿರ ತಂದು ಹೇಳಿದರು: “ಸಾಬ್, ಮೇರಾ ಘರವಾಲಿ ಬಿಮಾರ್ ಹೈ. ಓ ಬಸ್ ಯೇಹೀ ಖಾತಿ ಹೈ. ಏಕ್ ನಾಮ್ ಬೋಲೋ.” ಆಮೇಲೆ ಆತ ಒಂದು ಹೆಸರು, ಒಂದು ಊರು, ಒಂದು ಫೋನ್ ನಂಬರು ಹೇಳಿದರು. ಜಮನಾಬೆನ್ ಮತ್ತು ಅವರ ಗಂಡ ರಮೇಶಭಾಯಿ. ಮರಳುಮಿಶ್ರಿತ ಮಣ್ಣಿನ ಹೊಲ.

ಕಾಕಾ ಕಾಕುವಿನ ಹಾಸಿಗೆಯ ಪಕ್ಕ ಕುಳಿತು ಇಡೀ ಕಥೆ ಹೇಳಿದರು. ತವರುಮನೆ ಜಮನಾಬೆನ್ನರ ಹೊಲ. ಅಲ್ಲಿಂದ ಕಾರ್ಖಾನೆಗೆ ಬಂದ ಮೇಲೆ ಮೈ ತೊಳೆಯುತ್ತಾರೆ, ಬಿಸಿ ಹಬೆಗೆ ಸಿಪ್ಪೆ ತಾನೇ ಬಿಡುತ್ತದೆ. ಜೋರು ನೀರು ಬಟಾಟೆಯನ್ನು ಬ್ಲೇಡುಗಳ ಮೂಲಕ ನೂಕಿದರೆ ಆ ಕಡೆ ಕಡ್ಡಿ ಕಡ್ಡಿ. ಬಿಸಿನೀರಿನಲ್ಲಿ ಒಂದು ಮುಳುಗು, ಗಾಳಿಗೆ ಆರಿಸುವುದು, ಎಣ್ಣೆಯಲ್ಲಿ ಅರೆಬರೆ ಕರಿಯುವುದು, ಆಮೇಲೆ ಕಲ್ಲಾಗುವಂತೆ ಥಂಡಿ. ಹಾಗೇ ಚೀಲ ಸೇರಿ, ಮೌಲಾಸಾಬರ ಗಾಡಿ ಏರಿ, ಕೇಶ್ವಾಪುರದ ಫ್ರೀಜರಿಗೆ. ಕೊನೆಗೆ ಶಿಲ್ಪಾ ಅವನ್ನು ಕುದಿಯುವ ಎಣ್ಣೆಗೆ ಬಿಟ್ಟು, ಎತ್ತಿ, ಉಪ್ಪು ಉದುರಿಸುವುದು.

ಕಾಕು ಕಣ್ಣು ಮುಚ್ಚಿಕೊಂಡೇ ಕೇಳಿದರು. “ಅಂದ್ರ ಸುರಗಿ ನೀರಾತು, ಎಣ್ಣಿ ಹಚ್ಚೋದಾತು, ದಿಬ್ಬಣದ ಗಾಡೀನೂ ಬಂತು. ಮದುವಿನ ಅನ್ರಿ!”

ಮರುದಿನ ವಿಡಿಯೋ ಕರೆ ನಡೆಯಿತು. ಜಮನಾಬೆನ್ ತಲೆಯ ಮೇಲೆ ಸೆರಗು ಹೊದ್ದು ಹೊಲದ ಬದುವಿನಲ್ಲಿ ನಿಂತಿದ್ದರು. ಅವರಿಗೆ ಕನ್ನಡ ಬಾರದು, ಕಾಕುವಿಗೆ ಗುಜರಾತಿ ಬಾರದು. ಕೂದಲುದುರಿದ ತಲೆಗೆ ಕಟ್ಟಿದ ವಸ್ತ್ರವನ್ನು ಸರಿಮಾಡಿಕೊಂಡು ಕಾಕು ಒಂದು ಕಡ್ಡಿಯನ್ನು ಫೋನಿನ ಮುಂದೆ ಹಿಡಿದರು. “ನೋಡ್ರಿ ಬೀಗ್ತಿಯರ, ನಿಮ್ಮ ಮಗಳು ನಮ್ಮ ಮನಿಗೆ ಸುಖರೂಪ ಬಂದ್ ಮುಟ್ಯಾಳ!” ಆ ಹೆಂಗಸು ಏನು ತಿಳಿದರೋ, ಕೈ ಜೋಡಿಸಿ, ನಕ್ಕು, ಕಣ್ಣೊರೆಸಿಕೊಂಡರು. ಆ ದಿನ ಕಾಕು ಅರ್ಧ ಪೊಟ್ಟಣ ತಿಂದರು. ಕಾಕಾ ಕೂಡ ಒಂದು ಕಡ್ಡಿ ಬಾಯಿಗಿಟ್ಟುಕೊಂಡರು, ಮೊದಲ ಸಲ. “ಬೀಗರ ಮನಿದು, ಒಲ್ಲೆ ಅನಬಾರದು” ಎಂದು ಸಮಜಾಯಿಷಿ ಬೇರೆ!

ಹೊರಗೆ ಬಂದಾಗ ನನ್ನ ವಿದ್ಯಾವಂತ ಬಾಯಿ ಸುಮ್ಮನಿರಲಿಲ್ಲ. “ಕಾಕಾ, ಆ ಮನಶ್ಯಾ ಯಾವುದೋ ಒಂದ್ ಹೆಸರು ಹೇಳ್ಯಾನ. ಇವು ಅವ್ರ ಹೊಲದ್ದ ಅಂತ ಹೆಂಗ್ ಹೇಳೂದು?”

ಕಾಕಾ ಚಪ್ಪಲಿ ಮೆಟ್ಟುತ್ತ ಹೇಳಿದರು: “ಗೊತ್ತೈತವಾ. ನಿಮ್ಮ ಕಾಕು ಇಷ್ಟ್ ವರ್ಷ ನನಗ ಹೇಳಿದ ಊರೆಲ್ಲಾ ಖರೇ ಅಂತ ತಿಳದೀಯೇನು? ನರೇಂದ್ರದಾಗ ಏನ್ ಬೆಳೀತಾರ, ಮುಗದದಾಗ ಏನ್ ಬೆಳೀತಾರ ನನಗ ಗೊತ್ತಿಲ್ಲೇನು? ಆಕಿ ಹೇಳ್ತಿದ್ಳು, ನಾ ಉಣ್ತಿದ್ದೆ. ಈಗ ನಾ ಹೇಳ್ತೀನಿ, ಆಕಿ ಉಣ್ಣಲಿ.”

ನಾನು ಕಾರಿನ ಬಾಗಿಲು ತೆರೆದೆ.

ದೀಪಾವಳಿ ಕಳೆದ ಮೇಲೆ ಆ ಕಡ್ಡಿಯೂ ಹೊಟ್ಟೆಗೆ ಹೋಗದಾಯಿತು. ಹುಬ್ಬಳ್ಳಿಯ ದವಾಖಾನೆಯವರು ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಆ ಮಾತಿನ ಅರ್ಥ ಎಲ್ಲರಿಗೂ ತಿಳಿಯುತ್ತದೆ, ಕಾಕುವಿಗೂ ತಿಳಿಯಿತು. ಒಂದು ಸಂಜೆ ನಾನು ಅವರ ಕಾಲು ಒತ್ತುತ್ತ ಕುಳಿತಿದ್ದಾಗ ಮೆಲ್ಲಗೆ ಹೇಳಿದರು: “ನನಗ ಬ್ಯಾನಿದು ಅಂಜಿಕಿಲ್ಲವಾ. ಹೋಗೋ ಊರಾಗ ಗುರ್ತಿನವ್ರು ಯಾರೂ ಇಲ್ಲಲ್ಲ ಅಂತ ಅಂಜಿಕಿ.” ಮದುವೆಯಾಗಿ ಬಂದ ಹೊಸತರಲ್ಲೂ ಹೀಗೇ ಆಗಿತ್ತಂತೆ. ರಾಣೆಬೆನ್ನೂರಿನ ಆಚೆಯ ಹಳ್ಳಿಯ ಹುಡುಗಿಗೆ ಧಾರವಾಡವೇ ಪರದೇಶ. ಬಾಗಿಲು ದಾಟಲೂ ಹೆದರಿಕೆ. ಆಗ ಕಾಕಾ ಅವರನ್ನು ಓಣಿಯ ಒಂದೊಂದೇ ಮನೆಗೆ ಕರೆದೊಯ್ದು, ಹಾಲಿನವಳು, ಕಿರಾಣಿ ಅಂಗಡಿಯವರು, ಹೂ ಮಾರುವ ಮುದುಕಿ, ಎಲ್ಲರ ಊರು ಹೆಸರು ಹೇಳಿ ಪರಿಚಯ ಮಾಡಿಸಿದರಂತೆ. “‘ಅಂಜಬ್ಯಾಡ, ಎಲ್ಲಾರೂ ಗುರ್ತಿನವ್ರ ಅದಾರ’ ಅಂದ್ರು. ನೋಡವಾ, ಅವತ್ತಿಂದ ಅಂಜಿಕಿ ಹೋತು. ಈ ಸಲ ಮುಂದ ಹೋಗಿ ಯಾರ್ ಹೇಳ್ತಾರ?”

ನಾನು ಕಾಲು ಒತ್ತುತ್ತಲೇ ಇದ್ದೆ. ಆ ವಾರವೇ ಕಾಕು ಹೋದರು.

ಮಣ್ಣು ಮಾಡಿದ ಮೂರನೆಯ ದಿನ ಸತ್ತವರಿಗೆ ಇಷ್ಟವಾದ ತಿನಿಸುಗಳನ್ನೆಲ್ಲ ಅಲ್ಲಿಗೆ ಒಯ್ದು ಎಡೆ ಹಿಡಿಯುವುದು ನಮ್ಮಲ್ಲಿ ರೂಢಿ. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಸತ್ತವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ಅರ್ಥ. ಹೋಳಿಗೆ, ಎಣಗಾಯಿ, ಝುಣಕ, ಖಡಕ್ ರೊಟ್ಟಿ ಎಲ್ಲವೂ ಎಲೆಯ ಮೇಲಿತ್ತು. ಕಾಗೆ ಬೇವಿನ ಮರದ ಮೇಲೆ ಕುಳಿತು ನಮ್ಮನ್ನು ನೋಡುತ್ತಿತ್ತು, ಕೆಳಗಿಳಿಯಲೊಲ್ಲದು. ಕಾಕಾನ ಅಕ್ಕ, ನಮ್ಮ ದೊಡ್ಡತ್ತೆ, ಕೈಮುಗಿದು ಬೇಡಿಕೊಂಡರು: “ನಿನ್ನ ಗಂಡನ್ನ ನಾವ್ ನೋಡ್ಕೋತೀವಿ, ಮುಟ್ಟವಾ!” ಕಾಗೆ ಮುಖ ತಿರುಗಿಸಿತು. “ದಿನಾ ಬಿಸಿ ರೊಟ್ಟಿ ಮಾಡಿ ಹಾಕ್ತೀನವಾ!” ಕಾಗೆ ರೆಕ್ಕೆ ಕೆದರಿಕೊಂಡಿತು, ಅಷ್ಟೆ. ದೊಡ್ಡತ್ತೆಯ ರೊಟ್ಟಿಯ ಮೇಲೆ ಕಾಕುವಿಗೆ ಮೊದಲಿನಿಂದಲೂ ನಂಬಿಕೆ ಇರಲಿಲ್ಲ!

ಅಷ್ಟರಲ್ಲಿ ರುದ್ರಭೂಮಿಯ ಗೇಟಿನ ಬಳಿ ಶಿಲ್ಪಾ ಕಾಣಿಸಿದಳು. ಟೋಪಿ ಇರಲಿಲ್ಲ. ಬಾಯಿ ತೆರೆದ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು, ಕೇಶ್ವಾಪುರದಿಂದ ಬಸ್ಸು ಹತ್ತಿ ಬಂದಿದ್ದಳು. ಕಾಕಾ ಅದನ್ನು ತೆಗೆದುಕೊಂಡು ಎಲೆಯ ಮೇಲೆ ಸುರಿದರು. ಆಮೇಲೆ ತಮ್ಮ ಕೈಚೀಲದಿಂದ ಸಣ್ಣದೊಂದು ಡಬ್ಬಿ ತೆಗೆದರು. ಅದರಲ್ಲಿ ಹಿತ್ತಲಿನ ಬಟಾಟೆಯ ಗಿಡ್ಡ, ಕಂದು ಕಡ್ಡಿಗಳಿದ್ದವು. ಬೆಳಿಗ್ಗೆಯೇ ಎದ್ದು ಕರಿದಿದ್ದಿರಬೇಕು. ಅವನ್ನೂ ಪಕ್ಕದಲ್ಲಿಟ್ಟು, ಮೊಣಕಾಲೂರಿ ಕುಳಿತು, ಕಾಗೆಗೋ ಮಣ್ಣಿಗೋ ಗೊತ್ತಾಗಲಿಲ್ಲ, ಮಾತಾಡತೊಡಗಿದರು.

“ಇಲ್ಲೆ ನೋಡು. ಇವು ಜಮನಾಬೆನ್ನರ ಹೊಲದ್ವು, ನಮ್ಮ ಬೀಗ್ತಿಯರು. ಗಾಡ್ಯಾಗ ತಂದಾವ್ರು ಮೌಲಾಸಾಬ್ರು. ಕರದಾಕಿ ಶಿಲ್ಪಾ, ಅಣ್ಣಿಗೇರಿ ನಾದಿನಿ ಪೈಕಿ, ಇಲ್ಲೇ ನಿಂತಾಳ. ಇವು ನಮ್ಮ ಹಿತ್ತಲದ್ವು, ನಾ ಮಾಡಿದ್ದು. ಎಲ್ಲಾರೂ ಗುರ್ತಿನವ್ರ ಅದಾರ. ಅಂಜಬ್ಯಾಡ.”

ಕಾಗೆ ಇಳಿಯಿತು. ಹೋಳಿಗೆ ದಾಟಿ, ಎಣಗಾಯಿ ದಾಟಿ, ಕೇಶ್ವಾಪುರದ ಒಂದು ಉದ್ದನೆಯ ಕಡ್ಡಿಯನ್ನು ಕೊಕ್ಕಿನಲ್ಲಿ ಹಿಡಿದು ಹಾರಿಹೋಯಿತು. ದೊಡ್ಡತ್ತೆ “ಮುಟ್ಟಿದ್ಳು, ಮುಟ್ಟಿದ್ಳು” ಎಂದು ಅಳತೊಡಗಿದರು. ಶಿಲ್ಪಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಕಾಕಾ ಮಾತ್ರ ಎಲೆಯ ಅಂಚಿನಲ್ಲಿ ಹಾಗೇ ಉಳಿದಿದ್ದ ತಮ್ಮ ಕಂದು ಕಡ್ಡಿಗಳನ್ನು ನೋಡುತ್ತ ಕುಳಿತೇ ಇದ್ದರು. ನಾನು ಹೋಗಿ ಭುಜ ಮುಟ್ಟಿದೆ. ತಲೆ ಎತ್ತಿದರು.

“ಈ ಸಲ ‘ಛಲೋ ಆಗ್ಯಾವ’ ಅಂತನೂ ಅನಲಿಲ್ಲ ನೋಡವಾ” ಅಂದರು.